ಹೊಸ ಗುಮಾಸ್ತನಿಗೆ ಹೊಣೆ ಯಾರು?

ಕಾರ್ಖಾನೆಯ ಆಜ್ಞೆಗಳು ಹಿಂದೆ ನೋಟೀಸು ಬೋರ್ಡಿನ ಮೇಲೆ ಬರುತ್ತಿದ್ದವು. ಇಂದು ಅವು ಕಾರ್ಮಿಕನ ಜೇಬಿನೊಳಗೇ ಸದ್ದು ಮಾಡುತ್ತವೆ. ಪಾಳಿಯ ಬದಲಾವಣೆ, ಓವರ್‌ಟೈಮಿನ ಕರೆ, ರಜೆಯ ಕೋರಿಕೆ, ಸೂಪರ್‌ವೈಸರನ ಗದರಿಕೆ ಇವೆಲ್ಲ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆಯುವುದು ನಮಗೆ ಹೊಸದೇನಲ್ಲ. ದೊಡ್ಡ ಕಂಪನಿಗಳಲ್ಲಿ ಇದೇ ಕೆಲಸಕ್ಕೆ ಸ್ಲ್ಯಾಕ್, ಟೀಮ್ಸ್ ಎಂಬ ಏರ್ಪಾಡುಗಳಿವೆ. ಇಂಥ ಗುಂಪುಗಳಿಗೆ ಈಗ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಎಂಬ ಹೊಸ ಗುಮಾಸ್ತನನ್ನು ತಂದು ಸೇರಿಸುತ್ತಿದ್ದಾರೆ. ಅವನು ಸಂಬಳ ಕೇಳುವುದಿಲ್ಲ, ನಿದ್ರೆ ಮಾಡುವುದಿಲ್ಲ, ಸಂಘಕ್ಕೂ ಸೇರುವುದಿಲ್ಲ. ಮಾಲೀಕರಿಗೆ ಅವನು ಪ್ರಿಯನಾದುದರಲ್ಲಿ ಆಶ್ಚರ್ಯವಿಲ್ಲ.

ಇವನ ಕೆಲಸದ ರೀತಿಯನ್ನು ಕಾರ್ಮಿಕ ಬಂಧುಗಳು ತಿಳಿದಿರಬೇಕು. ಗುಂಪಿನಲ್ಲಿ ಬರೆದ ಮಾತು ಕೃತಕ ಬುದ್ಧಿಯ ಕಂಪನಿಯ ಗಣಕಯಂತ್ರಗಳಿಗೆ ಹೋಗಿ, ಅಲ್ಲಿಂದ ಕ್ಷಣಾರ್ಧದಲ್ಲಿ ಉತ್ತರ ಬರುತ್ತದೆ. ಆ ಗಣಕಗಳು ಬೇರೆ ದೇಶದಲ್ಲಿರುವುದೂ ಉಂಟು. ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂದು ಲೆಕ್ಕ ಹಾಕಿ ಅವನು ಉತ್ತರ ಕಟ್ಟುತ್ತಾನೆ. ರಜೆಯ ನಿಯಮಗಳನ್ನು ಮುಂದಿಟ್ಟರೆ ಬಹುಮಟ್ಟಿಗೆ ಸರಿಯಾಗಿಯೇ ಹೇಳುತ್ತಾನೆ. ತಿಳಿಯದಿದ್ದಾಗ ಅದೇ ಧೈರ್ಯದಿಂದ ಸುಳ್ಳನ್ನೂ ಹೇಳಬಲ್ಲನು. ತನ್ನನ್ನು ಕರೆದು ಕೇಳಿದ ಪ್ರಶ್ನೆಯನ್ನು ಮಾತ್ರ ಓದುವನೋ, ಗುಂಪಿನ ಮಾತನ್ನೆಲ್ಲ ಓದುವನೋ ಎಂಬುದು ಅವನನ್ನು ಸೇರಿಸಿದವರು ಕೊಟ್ಟ ಅಪ್ಪಣೆಯನ್ನು ಅವಲಂಬಿಸಿದೆ.

ನಾವು ಯಂತ್ರದ್ವೇಷಿಗಳಲ್ಲ. ಕೈಮಗ್ಗದ ಜಾಗದಲ್ಲಿ ವಿದ್ಯುತ್ ಮಗ್ಗ ಬಂದುದನ್ನು ಕಂಡ ದೊಡ್ಡಬಳ್ಳಾಪುರದ ಜನಕ್ಕೆ ಯಂತ್ರದ ಉಪಕಾರವೂ ಗೊತ್ತು, ಅಪಕಾರವೂ ಗೊತ್ತು. ಒಡಿಶಾದಿಂದ ಬಂದ ಹೆಣ್ಣುಮಗಳೊಬ್ಬಳು ಪಿ.ಎಫ್. ವಿಷಯವನ್ನು ತನ್ನ ಭಾಷೆಯಲ್ಲೇ ಕೇಳಿ ತಿಳಿಯುವಂತಾದರೆ ಅದು ಒಳ್ಳೆಯದೇ. ನೆಲಮಂಗಲದ ಅಂಗಡಿಯವರು ಬಾಗಿಲು ಹಾಕಿದ ಮೇಲೂ ಗಿರಾಕಿಗೆ ಉತ್ತರ ಹೋಗುವಂತಾದರೆ ಅದೂ ಒಳ್ಳೆಯದೇ. ನಮ್ಮ ಪ್ರಶ್ನೆ ಇಷ್ಟು: ಲಾಭ ಯಾರಿಗೆ, ತಪ್ಪಾದರೆ ಹೊಣೆ ಯಾರದು?

ಲಾಭದ ಮಾತಿಗೆ ದೂರ ಹೋಗಬೇಕಾಗಿಲ್ಲ. 2023ರ ಜುಲೈನಲ್ಲಿ ಬೆಂಗಳೂರಿನ ದುಕಾನ್ ಎಂಬ ಕಂಪನಿಯ ಮುಖ್ಯಸ್ಥರು, ಚಾಟ್‌ಬಾಟ್ ಬಂದುದರಿಂದ ಗ್ರಾಹಕರ ನೆರವಿನ ವಿಭಾಗದ ಶೇ. 90 ಮಂದಿಯನ್ನು ತೆಗೆದುದಾಗಿ ಬಹಿರಂಗವಾಗಿ ಸಾರಿದರು. ಖರ್ಚು ಸುಮಾರು ಶೇ. 85ರಷ್ಟು ಇಳಿಯಿತೆಂದೂ, 2 ಗಂಟೆ 13 ನಿಮಿಷ ಹಿಡಿಯುತ್ತಿದ್ದ ಕೆಲಸ 3 ನಿಮಿಷ 12 ಸೆಕೆಂಡಿಗೆ ಮುಗಿಯುವುದೆಂದೂ ಲೆಕ್ಕ ಕೊಟ್ಟರು. ಉಳಿತಾಯದ ಲೆಕ್ಕ ಸೆಕೆಂಡಿನವರೆಗೂ ಬಂತು. ಆ ಉಳಿತಾಯದಲ್ಲಿ ಹೊರಹೋದವರ ಪಾಲೆಷ್ಟು ಎಂಬ ಅಂಕಿ ಆ ಪಟ್ಟಿಯಲ್ಲಿ ಇರಲಿಲ್ಲ.

ಹೊಣೆಯ ಮಾತಿಗೆ ಕೆನಡಾ ದೇಶದ ಮೊಕದ್ದಮೆಯೊಂದಿದೆ. ಅಜ್ಜಿ ತೀರಿಕೊಂಡ ಪ್ರಯಾಣಿಕನೊಬ್ಬನಿಗೆ ಏರ್ ಕೆನಡಾ ವಿಮಾನ ಕಂಪನಿಯ ಚಾಟ್‌ಬಾಟ್, ರಿಯಾಯಿತಿಯನ್ನು ಆಮೇಲೂ ಕೇಳಬಹುದೆಂದು ತಪ್ಪು ಹೇಳಿತು. ಆ ಬಾಟಿನ ಮಾತಿಗೆ ತಾನು ಹೊಣೆಯಲ್ಲವೆಂದು ಕಂಪನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಅಲ್ಲಿನ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ನಮ್ಮ ಸಣ್ಣ ವರ್ತಕರೂ ಇದನ್ನು ಗಮನಿಸತಕ್ಕದ್ದು. ಬಾಟು ಗಿರಾಕಿಗೆ ಹೇಳಿದ ಧಾರಣೆಯನ್ನು ನಾಳೆ ನಿಮ್ಮ ಮಾತೆಂದೇ ಗಿರಾಕಿ ಹಿಡಿಯುತ್ತಾನೆ. ಗಿರಾಕಿಗಳ ಸಾಲದ ಖಾತೆಯನ್ನು ಅದರ ಕೈಗೆ ಕೊಡುವ ಮುನ್ನ ಎರಡು ಸಲ ಯೋಚಿಸಿರಿ. 2024ರ ಆಗಸ್ಟಿನಲ್ಲಿ, ಸ್ಲ್ಯಾಕಿನ ಕೃತಕ ಬುದ್ಧಿಗೆ ಮೋಸದ ಸೂಚನೆ ಉಣಿಸಿ ಖಾಸಗಿ ಗುಂಪಿನ ಗುಟ್ಟನ್ನು ಹೊರಗೆಳೆಯಬಹುದೆಂದು ಭದ್ರತಾ ಸಂಶೋಧಕರು ತೋರಿಸಿಕೊಟ್ಟರು. ಆ ಕಂಡಿಯನ್ನು ಕಂಪನಿ ಮುಚ್ಚಿತು. ಹೊಸ ಕಂಡಿ ಬೀಳದೆಂಬ ಭರವಸೆ ಯಾರೂ ಕೊಡಲಾರರು.

ಮಿಲ್ಲು ಕಾರ್ಮಿಕರಿಗೆ ಈ ಹೋರಾಟ ಹಳೆಯದು. ಒಬ್ಬನ ತಲೆಗೆ ಹೆಚ್ಚು ಮಗ್ಗಗಳನ್ನು ಕಟ್ಟುವ ರ್ಯಾಷನಲೈಸೇಷನ್ ಬಂದಾಗ, 1957ರ ಭಾರತ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಮೂರು ಕಟ್ಟಳೆಗಳಿಗೆ ಒಪ್ಪಿದರು: ಇರುವವರನ್ನು ತೆಗೆಯಬಾರದು, ಲಾಭವನ್ನು ನ್ಯಾಯವಾಗಿ ಹಂಚಬೇಕು, ಕೆಲಸದ ಭಾರವನ್ನು ಬಲ್ಲವರು ಅಳೆಯಬೇಕು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ, ಕೆಲಸಗಾರರನ್ನು ತೆಗೆಯುವುದಕ್ಕೆ ದಾರಿಯಾಗುವಂಥ ಯಂತ್ರ ಅಥವಾ ವಿಧಾನದ ಸುಧಾರಣೆಗೆ ಮೊದಲು 21 ದಿನದ ನೋಟೀಸು ಕೊಡಬೇಕೆಂದಿದೆ. ಚಾಟ್‌ಬಾಟು ಕೂಡ ಅಂಥ ವಿಧಾನವೇ ಎಂದು ನಾವು ಹೇಳುತ್ತೇವೆ.

ಇನ್ನೊಂದು ಸಂಗತಿ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯಿದೆಯಂತೆ, ಯಂತ್ರ ತಮ್ಮ ಮೇಲೆ ಹೇಗೆ ನಿಗಾ ಇಡುತ್ತದೆ, ಹೇಗೆ ತೀರ್ಮಾನ ಮಾಡುತ್ತದೆ ಎಂಬುದನ್ನು ತಿಳಿಯುವ ಹಕ್ಕು ಗಿಗ್ ಕಾರ್ಮಿಕರಿಗೆ ಬಂದಿದೆ. ಕೆಲಸದಿಂದ ತೆಗೆಯಲು ಲಿಖಿತ ಕಾರಣವೂ 14 ದಿನದ ನೋಟೀಸೂ ಬೇಕು. ಮನೆಬಾಗಿಲಿಗೆ ಊಟ ತಂದುಕೊಡುವವನಿಗೆ ಸಂದ ಈ ಹಕ್ಕು, ಬಾಶೆಟ್ಟಿಹಳ್ಳಿಯ ಕಾರ್ಖಾನೆಯ ಕೆಲಸಗಾರನಿಗೂ ದೇವನಹಳ್ಳಿಯಲ್ಲಿ ಫೋನು ಜೋಡಿಸುವ ಹುಡುಗಿಗೂ ಏಕೆ ಇರಬಾರದು?

ಆದುದರಿಂದ ಪ್ರತಿಯೊಂದು ಸಂಘವೂ ಮಾಲೀಕರ ಮುಂದೆ ಬರವಣಿಗೆಯಲ್ಲಿ ಇಡಬೇಕಾದ ಬೇಡಿಕೆಗಳು ಇವು. ಬಾಟು ಏನನ್ನು ಓದುತ್ತದೆ, ಓದಿದ್ದು ಎಲ್ಲಿಗೆ ಹೋಗುತ್ತದೆ, ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಮೊದಲೇ ಕನ್ನಡದಲ್ಲೂ ಇತರ ಕಾರ್ಮಿಕರ ಭಾಷೆಗಳಲ್ಲೂ ತಿಳಿಸಬೇಕು. ಹಾಜರಿ, ಕೂಲಿ, ಶಿಕ್ಷೆ ಈ ಮೂರರಲ್ಲಿ ಮನುಷ್ಯನೊಬ್ಬನ ರುಜು ಇಲ್ಲದೆ ಯಾವ ತೀರ್ಮಾನವೂ ಆಗಬಾರದು. ಬಾಟಿನ ಮಾತು ನಂಬಿ ರಜೆ ಹಾಕಿದವನ ಕೂಲಿ ಕಡಿಯಬಾರದು. ಕಾರ್ಮಿಕರು ತಮ್ಮತಮ್ಮಲ್ಲಿ ಮಾತನಾಡುವ ಗುಂಪಿಗೆ ಅದು ಕಾಲಿಡಬಾರದು. ಉಳಿದ ಹೊತ್ತಿನಲ್ಲಿ ದುಡಿಯುವವರಿಗೆ ಪಾಲು ಸಿಗಬೇಕು.

ಬಾಟು ಬಂದು ಕುಳಿತ ಮೇಲೆ ಕೇಳಿದರೆ, ಎಲ್ಲವೂ ಆಗಲೇ ಆಗಿಹೋಗಿದೆ ಎಂಬ ಉತ್ತರ ಬರುತ್ತದೆ. ಸಂಘದ ಮುಂದಿನ ಸಭೆಯಲ್ಲೇ ಈ ವಿಷಯ ಚರ್ಚೆಗೆ ಬರಲಿ.