ಆನೆಗೇ ನಡೆಯದ ತೂಕದ ಲೆಕ್ಕ ಅಪ್ಪನಿಗೆ ನಡೆಯುತ್ತದೆಯೇ?



ಕೆಲವು ತಿಂಗಳ ಹಿಂದೆ, ಕಲಬುರಗಿಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿರುವ ಒಂದು ಕುಟುಂಬ ರಾತ್ರಿ ತಂದೆಯನ್ನು ಕರೆತಂದಿತು. 74 ವರ್ಷ, 92 ಕೆಜಿ ತೂಕ, ಸಕ್ಕರೆ ಕಾಯಿಲೆಯಿಂದ ದುರ್ಬಲವಾದ ಕಿಡ್ನಿ. ಅಲುಗಾಡಿಸಿದರೂ ಕಣ್ಣು ಬಿಡುತ್ತಿರಲಿಲ್ಲ. ಉಸಿರು ನಿಮಿಷಕ್ಕೆ ಎಂಟು. ಮನೆಯವರು ಹಾರ್ಟ್ ಅಟ್ಯಾಕ್ ಎಂದುಕೊಂಡಿದ್ದರು. ಇಸಿಜಿ ಸರಿಯಾಗಿಯೇ ಇತ್ತು.

ಆಗಿದ್ದೇ ಬೇರೆ. ಮಗನ ಬೆನ್ನುನೋವಿಗೆ ಬರೆದುಕೊಟ್ಟಿದ್ದ ಟ್ರಮಡಾಲ್ ಉಳಿದಿತ್ತು. ಅಪ್ಪನ ಮಂಡಿನೋವಿಗೆ ಎರಡು ದಿನ ಅದನ್ನೇ ಕೊಟ್ಟಿದ್ದರು. “ಅಪ್ಪಾರು ನನಕಿಂತ ದಪ್ಪ ಅದಾರಲ್ರಿ ಸಾಹೇಬ್ರ, ಒಂದು ಸಾಲಂಗಿಲ್ಲ ಅಂತ ಎರಡೆರಡು ಕೊಟ್ಟೆ” ಎಂದರು ಮಗ.

ಈ ಲೆಕ್ಕವೇ ತಪ್ಪು. 1962ರಲ್ಲಿ ಅಮೆರಿಕದ ಒಕ್ಲಹೋಮ ಸಿಟಿಯ ಮೃಗಾಲಯದಲ್ಲಿ ಟಸ್ಕೋ ಎಂಬ ಆನೆಗೆ ಪ್ರಯೋಗಕ್ಕಾಗಿ 297 ಮಿಲಿಗ್ರಾಂ ಎಲ್‌ಎಸ್‌ಡಿ ಚುಚ್ಚಿದರು. ಸಣ್ಣ ಪ್ರಾಣಿಗಳ ಡೋಸನ್ನು ಆನೆಯ ತೂಕಕ್ಕೆ ಏರಿಸಿದ್ದರು. ಐದೇ ನಿಮಿಷದಲ್ಲಿ ಆನೆ ಕುಸಿಯಿತು, ಎರಡು ಗಂಟೆಯೊಳಗೆ ಸತ್ತಿತು. ಆಮೇಲೆ ಕೊಟ್ಟ ಬೇರೆ ಔಷಧಗಳೂ ಕಾರಣವಿರಬಹುದು ಎನ್ನುವವರಿದ್ದಾರೆ. ಆದರೆ ಆ ಗುಣಾಕಾರವೇ ತಪ್ಪೆಂಬ ಟೀಕೆಯೂ ಇದೆ.

ಕಾರಣ ಸರಳ. ದೇಹ ದೊಡ್ಡದಾದಂತೆ ಒಳಗಿನ ಯಂತ್ರ ನಿಧಾನವಾಗುತ್ತದೆ. ಸುಂಡಿಲಿಯ ಹೃದಯ ನಿಮಿಷಕ್ಕೆ 500ಕ್ಕೂ ಹೆಚ್ಚು ಸಲ ಬಡಿಯುತ್ತದೆ, ನಮ್ಮದು 70, ಆನೆಯದು ಸುಮಾರು 30. ಔಷಧವನ್ನು ಹೊರಹಾಕುವ ಲಿವರ್, ಕಿಡ್ನಿಗಳ ವೇಗವೂ ಹಾಗೆಯೇ.

ಗಾತ್ರವೊಂದೇ ಅಲ್ಲ, ಜಾತಿಯೂ ಮುಖ್ಯ. ಹಸು ನುಂಗಿದ ಔಷಧ ನೂರು ಲೀಟರಿಗೂ ದೊಡ್ಡದಾದ ಮೊದಲ ಹೊಟ್ಟೆಯಲ್ಲಿ ಬೆರೆತು, ನಿಧಾನವಾಗಿ ರಕ್ತ ಸೇರುತ್ತದೆ. ಟ್ರಮಡಾಲ್ ನೋವು ತಡೆಯಬೇಕಾದರೆ ಲಿವರ್ ಅದನ್ನು ಇನ್ನೊಂದು ರೂಪಕ್ಕೆ ಬದಲಿಸಬೇಕು. ಕುದುರೆಯಲ್ಲಿ ಆ ರೂಪ ತೀರಾ ಕಡಿಮೆ ತಯಾರಾಗುತ್ತದೆ. ಮನುಷ್ಯರಲ್ಲೂ ಇದು ಒಬ್ಬರಿಂದ ಒಬ್ಬರಿಗೆ ಬೇರೆ. ಹುಟ್ಟಿನಿಂದಲೇ ಕೆಲವರ ಲಿವರ್ ಅದನ್ನು ಬೇಗ ಬದಲಿಸುತ್ತದೆ, ಕೆಲವರದು ಬದಲಿಸುವುದೇ ಇಲ್ಲ. ಕೊನೆಗೆ ಹೊರಹಾಕಬೇಕಾದದ್ದು ಕಿಡ್ನಿ. ಅದು ಸೋತಿದ್ದರೆ ಇವತ್ತಿನ ಮಾತ್ರೆ ನಾಳೆಯದರ ಮೇಲೆ ಕೂಡುತ್ತದೆ. ಆ ತಂದೆಗೆ ಆಗಿದ್ದು ಇದೇ.

ಸಕಲೇಶಪುರದ ಕಡೆ ಕಾಡಾನೆಗೆ ಅರಿವಳಿಕೆಯ ಡಾರ್ಟ್ ಹೊಡೆದ ಮೇಲೆ ಪಶುವೈದ್ಯರು ಅದರ ಉಸಿರಾಟ ನೋಡುತ್ತ, ಎಚ್ಚರಿಸುವ ಔಷಧ ಹಿಡಿದು ಪಕ್ಕದಲ್ಲೇ ನಿಂತಿರುತ್ತಾರೆ. ನಾವು ಅಪ್ಪನಿಗೆ ಮಾತ್ರೆ ನುಂಗಿಸಿ ಟಿವಿ ಮುಂದೆ ಕೂರುತ್ತೇವೆ.

ಆದ್ದರಿಂದ ನನ್ನ ಖಚಿತ ಅಭಿಪ್ರಾಯ: ಒಬ್ಬರಿಗೆ ಬರೆದ ಓಪಿಯಾಯ್ಡ್ ಮಾತ್ರೆ, ಅಂದರೆ ಅಫೀಮಿನ ಗುಂಪಿನ ನೋವಿನ ಮಾತ್ರೆ, ಇನ್ನೊಬ್ಬರ ಬಾಯಿಗೆ ಹೋಗಬಾರದು. ಟ್ರಮಡಾಲನ್ನು ಸರ್ಕಾರ 2018ರಲ್ಲಿ ಮಾದಕ ವಸ್ತು ಕಾಯ್ದೆಯಡಿ ತಂದದ್ದು ಸುಮ್ಮನೆ ಅಲ್ಲ. ಊರು ಬಿಟ್ಟು ಬಂದ ನಮಗೆ ಪರಿಚಯದ ಡಾಕ್ಟರು ದೂರ, ಹಳೇ ಮಾತ್ರೆ ಡಬ್ಬಿ ಹತ್ತಿರ. ಅಪಾಯ ಅಲ್ಲಿಯೇ ಇದೆ.

ಹಾಗೆಂದು ಈ ಔಷಧಗಳಿಗೆ ಹೆದರಲೂಬೇಡಿ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ದೊಡ್ಡ ವರ. ಅದು ರೋಗಿಗಳಿಗೆ ಸುಲಭವಾಗಿ ಸಿಗಲೆಂದೇ 2014ರಲ್ಲಿ ಕಾನೂನು ತಿದ್ದಿದರು. ನಮ್ಮ ಹೈದರಾಬಾದಿನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವು ಶಮನಕ್ಕೆಂದೇ ವಿಭಾಗವಿದೆ. ಸರಿಯಾದ ರೋಗಿ, ಸರಿಯಾದ ಡೋಸ್, ವೈದ್ಯರ ನಿಗಾ ಇದ್ದರೆ ಸಾಕು.

ನೆನಪಿಡಿ:
👉 ಹಿರಿಯರಿಗೆ ನೋವಿನ ಮಾತ್ರೆ ಕೊಡುವ ಮುನ್ನ ಕಿಡ್ನಿ ರಿಪೋರ್ಟನ್ನೂ, ಈಗಾಗಲೇ ತಿನ್ನುತ್ತಿರುವ ಎಲ್ಲ ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸಿ.
👉 ನಿದ್ರೆ ಮಾತ್ರೆ, ಮದ್ಯದ ಜೊತೆ ಬೇಡವೇ ಬೇಡ.
👉 ಎಬ್ಬಿಸಲಾಗದ ಮಂಪರು, ನಿಧಾನವಾದ ಉಸಿರು, ಸಾಸಿವೆಯಷ್ಟು ಕುಗ್ಗಿದ ಕಣ್ಣುಪಾಪೆ ಕಂಡರೆ ಕೂಡಲೇ 108.

ಆ ತಂದೆ ಮೂರು ದಿನ ಐಸಿಯುನಲ್ಲಿದ್ದು ಮನೆಗೆ ನಡೆದುಹೋದರು. ಇನ್ನೊಂದು ಗಂಟೆ ತಡವಾಗಿದ್ದರೆ ಹೇಗಿರುತ್ತಿತ್ತೋ! ಇವತ್ತೇ ಮನೆಯ ಮಾತ್ರೆ ಡಬ್ಬಿ ತೆರೆದು ನೋಡಿ. ಇದನ್ನು ನಿಮ್ಮ ಬಂಧುಬಳಗದ ಗುಂಪಿಗೂ ಕಳಿಸಿ.

– ನಿಮ್ಮ ಹೃದ್ರೋಗ ತಜ್ಞ, ಹೈದರಾಬಾದ್