ಐದು ಮೀಟರಿನಾಚೆಯ ಕ್ಯಾಮರಾ

ನಮ್ಮ ರಾಜ್ಯದ ಕೊಚ್ಚಿಯಲ್ಲಿ 2024ರ ಮೇ ತಿಂಗಳಲ್ಲಿ ಅಂಟಾರ್ಕ್ಟಿಕ ಒಪ್ಪಂದದ ರಾಷ್ಟ್ರಗಳ 46ನೆಯ ಸಮಾಲೋಚನಾ ಸಭೆ ಜರಗಿತು. ಸೆಕೆಗಾಲದ ಕೊಚ್ಚಿಗೂ ದಕ್ಷಿಣ ಧ್ರುವದ ಹಿಮಖಂಡಕ್ಕೂ ಎತ್ತಣ ನಂಟು ಎಂದು ವಾಚಕರು ಕೇಳಬಹುದು. ಹಡಗೇರಿ ಅಲ್ಲಿಗೆ ಹೋಗುವ ಪ್ರವಾಸಿಗಳನ್ನು ಅಂಕೆಯಲ್ಲಿಡುವ ನಿಯಮಾವಳಿಯ ರಚನೆಗೆ ಚಾಲನೆ ದೊರೆತುದು ಆ ಸಭೆಯಲ್ಲಿಯೇ.

1990ರ ದಶಕದ ಆದಿಯಲ್ಲಿ ವರ್ಷಕ್ಕೆ ಕೆಲವೇ ಸಾವಿರ ಮಂದಿ ಅಲ್ಲಿಗೆ ಹೋಗುತ್ತಿದ್ದರು. 2023-24ರ ಒಂದೇ ಋತುವಿನಲ್ಲಿ ಆ ಸಂಖ್ಯೆ ಒಂದು ಲಕ್ಷ ಇಪ್ಪತ್ತು ಸಾವಿರವನ್ನು ದಾಟಿತು. ಅವರಲ್ಲಿ ಕ್ಯಾಮರಾ ಇಲ್ಲದವರು ವಿರಳ; ಚಿತ್ರಕ್ಕಾಗಿಯೇ ಹೋಗುವವರು ಬಹಳ. ಲೆಮೇರ್ ಜಲಸಂಧಿಗೆ 'ಕೊಡಾಕ್ ಗ್ಯಾಪ್' ಎಂಬ ಅಡ್ಡಹೆಸರೇ ಬಿದ್ದಿದೆ.

ಈ ಕಲೆಗೆ ದೊಡ್ಡ ಪರಂಪರೆಯಿದೆ. 1911ರಲ್ಲಿ ಸ್ಕಾಟರ ತಂಡದ ಹರ್ಬರ್ಟ್ ಪಾಂಟಿಂಗ್ ಅವರು ಚಿತ್ರ ತೆಗೆಯಲು ನಿಂತಿದ್ದ ಹಿಮದ ಹಾಸನ್ನೇ ಕೊಲೆಗಾರ ತಿಮಿಂಗಿಲಗಳು ಕೆಳಗಿನಿಂದ ಒಡೆದವು. ಅವರು ಬದುಕಿದುದೇ ಹೆಚ್ಚು. 1915ರಲ್ಲಿ ಶ್ಯಾಕಲ್‌ಟನ್ನರ ಹಡಗು ಹಿಮದಲ್ಲಿ ನುಚ್ಚುನೂರಾದಾಗ ಫ್ರ್ಯಾಂಕ್ ಹರ್ಲಿ ಅವರು ಕೊರೆಯುವ ನೀರಿಗಿಳಿದು ಗಾಜಿನ ಫಲಕಗಳನ್ನು ಮೇಲೆತ್ತಿದರು. ಹೊರಲಾರದೆ ಸುಮಾರು 120ನ್ನು ಉಳಿಸಿಕೊಂಡು ಮಿಕ್ಕ 400ರಷ್ಟನ್ನು ಒಡೆದು ಹಾಕಬೇಕಾಯಿತು. ಇಂದಿನ ಪ್ರವಾಸಿ ಒಂದು ಮಧ್ಯಾಹ್ನದಲ್ಲಿ ಅದಕ್ಕಿಂತ ಹೆಚ್ಚು ಚಿತ್ರಗಳನ್ನು ತೆಗೆದು ರಾತ್ರಿಯ ಊಟಕ್ಕೆ ಹಡಗಿಗೆ ಮರಳುತ್ತಾನೆ. ಅಂದು ಅಪಾಯವಿದ್ದುದು ಚಿತ್ರ ತೆಗೆಯುವವನಿಗೆ. ಇಂದು ಅದು ಚಿತ್ರದೊಳಗಿನ ಜೀವಿಗೆ.

ಹಕ್ಕಿಜ್ವರದ ಸಂಗತಿಯನ್ನೇ ನೋಡೋಣ. 2023ರ ಅಕ್ಟೋಬರದಲ್ಲಿ ಸೌತ್ ಜಾರ್ಜಿಯಾ ದ್ವೀಪದಲ್ಲಿ, 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕದ ಮುಖ್ಯ ಭೂಭಾಗದಲ್ಲಿ ಈ ರೋಗ ಖಚಿತವಾಯಿತು. ಹಕ್ಕಿಗಳ ಹಿಕ್ಕೆಯ ಮೂಲಕ ಅದು ಒಂದು ನೆಲೆಯಿಂದ ಇನ್ನೊಂದಕ್ಕೆ ಹೋಗದಿರಲೆಂದು ಹಡಗು ಸಂಸ್ಥೆಗಳ ಸಂಘವು ನಿಯಮವೊಂದನ್ನು ಮಾಡಿದೆ: ಜೀವಿಗಳ ಬಳಿ ನೆಲದ ಮೇಲೆ ಕೂರಬಾರದು, ಮಂಡಿಯೂರಬಾರದು, ಮಲಗಬಾರದು, ಚೀಲ ಇಡಬಾರದು. ಛಾಯಾಗ್ರಾಹಕರಿಗೆ ಇದು ನಷ್ಟವೇ ಸರಿ. ಪೆಂಗ್ವಿನ್ನಿನ ಕಣ್ಣಿನ ಮಟ್ಟಕ್ಕೆ ಬಗ್ಗಿ ತೆಗೆದ ಚಿತ್ರಕ್ಕಿರುವ ಸೊಗಸು ನಿಂತು ತೆಗೆದುದಕ್ಕಿಲ್ಲ. ಆದರೂ ನಾವು ನಿಯಮದ ಪಕ್ಷದವರು.

ಐದು ಮೀಟರು ದೂರವಿರಬೇಕೆಂಬ ಹಳೆಯ ನಿಯಮಕ್ಕೂ ಕಾರಣವಿದೆ. ಬೆದರಿದ ಹಕ್ಕಿ ಗೂಡಿನಿಂದ ಎದ್ದರೆ ಮೊಟ್ಟೆ ತಣ್ಣಗಾಗುತ್ತದೆ. ಸ್ಕುವಾ ಹಕ್ಕಿ ಎರಗಲು ಅಷ್ಟೇ ಸಾಕು. ಮೆತ್ತನೆಯ ಹಿಮದಲ್ಲಿ ನಮ್ಮ ಬೂಟು ಹೂತ ಕುಳಿಯೂ ಪೆಂಗ್ವಿನ್ನಿಗೆ ಬಲೆಯಾಗಬಲ್ಲುದು. ಅದನ್ನು ಮುಚ್ಚಿಯೇ ಮುಂದೆ ಹೋಗಬೇಕು. ದೂರದ ಮಸೂರವಿದ್ದು, ಒಂದೆಡೆ ಸುಮ್ಮನೆ ನಿಲ್ಲುವ ತಾಳ್ಮೆಯಿದ್ದರೆ ಹಕ್ಕಿಯೇ ಹತ್ತಿರ ಬರುವುದುಂಟು. ಕೆಟ್ಟ ಚಿತ್ರಕ್ಕೆ ಕಾರಣ ಹೆಚ್ಚಾಗಿ ದೂರವಲ್ಲ. ಬಿಳಿ ಹಿಮವನ್ನು ಕ್ಯಾಮರಾ ಬೂದುಬಣ್ಣವೆಂದು ಅಳೆಯುತ್ತದೆ. ಒಂದೆರಡು ಸ್ಟಾಪ್ ಬೆಳಕು ಹೆಚ್ಚಿಸದಿದ್ದರೆ ಹಿಮ ಮಂಕಾಗುತ್ತದೆ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ. ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಳ್ಳಬೇಕು. ಇವನ್ನು ಕಲಿಯದೆ ಹಕ್ಕಿಯತ್ತ ಇನ್ನೆರಡು ಹೆಜ್ಜೆ ಇಡುವವರೇ ಹೆಚ್ಚು.

ಉತ್ತರದಲ್ಲಿ ವ್ಯವಸ್ಥೆ ಬೇರೆ. ಸ್ವಾಲ್‌ಬಾರ್ಡ್ ದ್ವೀಪಗಳು ನಾರ್ವೆಯ ಆಡಳಿತದಲ್ಲಿವೆ. 2018ರಲ್ಲಿ ಪ್ರವಾಸಿ ಹಡಗೊಂದರ ಕಾವಲುಗಾರನ ಮೇಲೆ ಬಿದ್ದ ಹಿಮಕರಡಿಯನ್ನು ಅಲ್ಲಿ ಗುಂಡಿಟ್ಟು ಕೊಲ್ಲಲಾಯಿತು. 2025ರ ಜನವರಿಯಿಂದ ಹಿಮಕರಡಿಯಿಂದ 300 ಮೀಟರು, ಮಾರ್ಚಿನಿಂದ ಜೂನ್ ಕೊನೆಯವರೆಗೆ 500 ಮೀಟರು ದೂರವಿರಬೇಕೆಂಬುದು ಅಲ್ಲಿನ ಕಾನೂನು. ಮೀರಿದವನನ್ನು ಹಿಡಿಯಲು ಅಲ್ಲಿ ಸರಕಾರವಿದೆ.

ಅಂಟಾರ್ಕ್ಟಿಕಕ್ಕೆ ಒಡೆಯನಿಲ್ಲ. ಒಮ್ಮೆಗೆ 100ಕ್ಕಿಂತ ಹೆಚ್ಚು ಮಂದಿಯನ್ನು ದಡಕ್ಕಿಳಿಸಬಾರದು, 500ಕ್ಕೂ ಮಿಕ್ಕಿ ಪ್ರಯಾಣಿಕರಿರುವ ಹಡಗಿನಿಂದ ಯಾರನ್ನೂ ಇಳಿಸಬಾರದು ಎಂದು ಒಪ್ಪಂದದ ರಾಷ್ಟ್ರಗಳು 2009ರಲ್ಲಿಯೇ ತೀರ್ಮಾನಿಸಿದ್ದವು. ಅದಕ್ಕೆ ಬೇಕಾದಷ್ಟು ದೇಶಗಳ ಅನುಮೋದನೆ ಕೊಚ್ಚಿ ಸಭೆಯ ವೇಳೆಗೂ ದೊರೆತಿರಲಿಲ್ಲ. ಹದಿನೈದು ವರ್ಷ! ಹಡಗು ಸಂಸ್ಥೆಗಳ ಸಂಘ ಈ ಕಟ್ಟಳೆಗಳನ್ನು ತಾನಾಗಿ ಪಾಲಿಸುತ್ತಿರುವುದು ಮೆಚ್ಚತಕ್ಕುದೇ. ಆದರೆ ಸಂಘಕ್ಕೆ ಸೇರದ ಹಡಗನ್ನು ಅದು ತಡೆಯಲಾರದು.

ಭಾರತ 2022ರಲ್ಲಿ ತನ್ನ ಅಂಟಾರ್ಕ್ಟಿಕ ಕಾಯಿದೆಯನ್ನು ಮಾಡಿದೆ. ಅನುಮತಿಯಿಲ್ಲದೆ ಅಲ್ಲಿನ ಹಕ್ಕಿಗಳಿಗೂ ಸೀಲುಗಳಿಗೂ ಉಪದ್ರವ ಕೊಡುವುದು ಅದರ ಪ್ರಕಾರ ನಿಷಿದ್ಧ. ಮನೆಯಲ್ಲಿ ಇಷ್ಟು ಮಾಡಿರುವ ನಮ್ಮ ಸರಕಾರ ಒಪ್ಪಂದದ ಸಭೆಗಳಲ್ಲಿಯೂ ಬಾಯಿ ಬಿಡಬೇಕು. ಕೊಚ್ಚಿಯಲ್ಲಿ ತೊಡಗಿದ ಕೆಲಸ ಇನ್ನೊಂದು ಹದಿನೈದು ವರ್ಷ ಕಡತದಲ್ಲಿ ಕೊಳೆಯದೆ, ಐದು ಮೀಟರಿನ ಅಂತರವೂ ದಡಕ್ಕಿಳಿಯುವವರ ಮಿತಿಯೂ ಎಲ್ಲ ದೇಶಗಳ ಹಡಗುಗಳಿಗೆ ಕಾನೂನಾಗಬೇಕೆಂಬುದು ನಮ್ಮ ಒತ್ತಾಯ.