ಅಮ್ಮ ಲಾಕರ್ ಅಲ್ಲ ಕಣ್ರೀ

ಮೊನ್ನೆ ಗೆಳೆಯನೊಬ್ಬ ಮನೆಯವರನ್ನೆಲ್ಲಾ ಕಟ್ಟಿಕೊಂಡು ವಂಡರ್‌ಲಾಗೆ ಹೋಗಿ ಬಂದ. ಹೇಗಿತ್ತೋ ಅಂದ್ರೆ, "ಹತ್ತೊಂಬತ್ತು ರೈಡ್ ಮುಗಿಸಿದ್ವಿ, ಟಿಕೆಟ್ ದುಡ್ಡು ಪೂರ್ತಿ ವಸೂಲ್" ಅಂದ. ಅಪ್ಪ ಅಮ್ಮ? "ಅವರು ಬ್ಯಾಗ್ ನೋಡ್ಕೊಂಡು ಕೂತಿದ್ರು."

ನನಗೆ ರೇಗಿಹೋಯ್ತು. ಅವನ ಮೇಲೆ ಅಂತಲ್ಲ. ಕೆಲವು ವರ್ಷಗಳ ಹಿಂದೆ ನಾನೂ ಇದನ್ನೇ ಮಾಡಿದ್ದೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆವರೆಗೂ ಅಮ್ಮ ಒಂದು ಬೆಂಚಿನ ಮೇಲೆ ಆರು ಜೊತೆ ಚಪ್ಪಲಿ, ನಾಲ್ಕು ಮೊಬೈಲು, ಒದ್ದೆ ಟವೆಲ್ಲುಗಳ ನಡುವೆ ಕೂತಿದ್ದಳು. ಬೇಜಾರಾಯ್ತಾ ಅಂದ್ರೆ "ಇಲ್ಲಪ್ಪ, ಚೆನ್ನಾಗಿತ್ತು" ಅಂದಳು. ಅಮ್ಮಂದಿರು ಹಾಗೇ ಹೇಳೋದು. ಅದನ್ನ ನಂಬಿಬಿಡೋದು ನಮ್ಮ ಅನುಕೂಲ! ಬ್ಯಾಗ್ ಇಡೋಕೆ ಅಲ್ಲೇ ಬಾಡಿಗೆಗೆ ಲಾಕರ್ ಸಿಗುತ್ತೆ ಮಾರಾಯ್ರೆ.

ರೈಡ್ ಬೇಡ ಅಂತ ನಾನು ಹೇಳ್ತಿಲ್ಲ. ತಲೆಕೆಳಗಾಗಿ ನೇತಾಡುವಾಗ ಎಲ್ಲರಿಗಿಂತ ಜೋರಾಗಿ ಕಿರುಚಿದ್ದು ನಾನೇ :) ನನ್ನ ತಕರಾರು ಈ 'ವಸೂಲಿ' ಲೆಕ್ಕದ ಬಗ್ಗೆ. ಬಿಡದಿ ಹತ್ತಿರ 2005ರಲ್ಲಿ ಶುರುವಾದ ಆ 82 ಎಕರೆ ಜಾಗದಲ್ಲಿ ನಾವು ನೋಡೋದು ಬರೀ ಕ್ಯೂ. ಒಂದು ಕ್ಯೂನಿಂದ ಇನ್ನೊಂದಕ್ಕೆ ಓಟ. ಆಫೀಸಿನ ಟಾರ್ಗೆಟ್ಟು ಸಾಲದು ಅಂತ ಭಾನುವಾರವೂ ಟಾರ್ಗೆಟ್ಟಾ? ಈ ಓಟದಲ್ಲಿ ಓಡಲಾಗದವರು ತಾವಾಗೇ ಕಾವಲುಗಾರರಾಗಿಬಿಡ್ತಾರೆ.

ಕಳೆದ ಬಾರಿ ನಾನು ಬೇರೆ ಥರ ಮಾಡಿದೆ. ಬೆಳಿಗ್ಗೆ ಎಕ್ಸ್‌ಪ್ರೆಸ್ ವೇ ಬಿಟ್ಟು ಹಳೇ ಮೈಸೂರು ರಸ್ತೆ ಹಿಡಿದೆ. 2023ರಲ್ಲಿ ಆ ಹೊಸ ರಸ್ತೆ ಉದ್ಘಾಟನೆಯಾದಾಗಿನಿಂದ ಬಿಡದಿ, ರಾಮನಗರ, ಚನ್ನಪಟ್ಟಣ ಎಲ್ಲಾ ಬರೀ ಬೋರ್ಡಿನ ಮೇಲಿನ ಹೆಸರುಗಳು. ಬಿಡದಿಯಲ್ಲಿ ತಟ್ಟೆ ಇಡ್ಲಿ, ಮೇಲೆ ಬೆಣ್ಣೆ. ನಂತರ ರಾಮನಗರ ದಾಟಿ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಕಟ್ಟಿದ ಹದಿನೈದು ಎಕರೆಯ ಜಾಗ ಅದು. ಕ್ಯೂ ಇರಲಿಲ್ಲ.

ಲೋಕಮಾತಾ ಮಂದಿರದೊಳಗೆ ಕಾಲಿಟ್ಟಿದ್ದೇ ತಡ, ಅಮ್ಮನ ನಡಿಗೆಯೇ ಬದಲಾಯ್ತು. ಸೇರು, ಪಾವು, ಚಟಾಕು ಯಾವುದು ಅಂತ ಮಗಳಿಗೆ ಹೇಳಿದಳು. ಒನಕೆ ಹಿಡಿಯೋದು ಹೇಗೆ ಅಂತ ಬರಿಗೈಯಲ್ಲೇ ಮಾಡಿ ತೋರಿಸಿದಳು. ರಾಗಿ ತುಂಬಿಡೋ ಮಣ್ಣಿನ ವಾಡೆ ಮುಂದೆ ನಿಂತು, "ನಮ್ಮನೇಲಿ ಇದಕ್ಕಿಂತ ದೊಡ್ಡದಿತ್ತು, ಕಣ್ಣಾಮುಚ್ಚಾಲೆ ಆಡ್ತಾ ನಾನು ಅದರೊಳಗೆ ಇಳಿದು ಹತ್ತಕ್ಕಾಗದೆ ಅತ್ತಿದ್ದೆ" ಅಂದಳು. ನಲವತ್ತು ವರ್ಷದಲ್ಲಿ ನನಗೇ ಗೊತ್ತಿರದ ಕಥೆ!

ಮಧ್ಯಾಹ್ನದ ಮೇಲೆ ವಂಡರ್‌ಲಾ. ಹೌದು, ಪೂರ್ತಿ ಟಿಕೆಟ್ಟಿಗೆ ಅರ್ಧ ದಿನ. ಲಾಸೇ, ಒಪ್ಪಿಕೊಳ್ತೀನಿ. ಮಕ್ಕಳು ಐದು ರೈಡ್ ಹತ್ತಿದರು, ನಾನು ಎರಡು. ಉಳಿದ ಹೊತ್ತು ಅಮ್ಮನ ಪಕ್ಕ ಬೆಂಚಿನ ಮೇಲೆ ಕೂತು ಜನ ನೋಡಿದ್ವಿ. ಮೀಸೆ ತಿರುವಿಕೊಂಡು ಮೇಲೆ ಹೋದ ಗಂಡಸರು ಕೆಳಗಿಳಿಯುವಾಗ ಹೆಂಡತಿ ಕೈ ಹಿಡಿದುಕೊಂಡಿರ್ತಾರೆ ನೋಡಿ, ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ಅದೇ ಬೆಂಚು ಸ್ವಾಮಿ, ಆದರೆ ಪಕ್ಕದಲ್ಲಿ ಚಪ್ಪಲಿ ರಾಶಿ ಇರಲಿಲ್ಲ, ಅಷ್ಟೇ.

"ವಯಸ್ಸಾದವರನ್ನ ಮನೇಲೇ ಬಿಟ್ಟು ಹೋದ್ರಾಯ್ತಪ್ಪ" ಅಂತ ಆ ಗೆಳೆಯನ ವಾದ. ಅದು ಇನ್ನೂ ಕೆಟ್ಟದ್ದು. ಕರೆದುಕೊಂಡು ಹೋಗಿ, ಆದರೆ ದಿನದ ಪ್ಲಾನಿನಲ್ಲಿ ಅವರದ್ದೂ ಒಂದು ಪಾಲಿರಲಿ.

ವಾಪಸ್ ಬರುವಾಗ ಮಗಳು, "ಅಜ್ಜಿ, ಆ ವಾಡೆಯಿಂದ ನಿನ್ನ ಯಾರು ಎತ್ತಿದ್ದು?" ಅಂತ ಕೇಳಿದಳು. ಕೆಂಗೇರಿ ಬರೋವರೆಗೂ ಅಮ್ಮನ ಮಾತು ನಿಲ್ಲಲಿಲ್ಲ.